ಕೈಯಲ್ಲೇ ಉಳಿದ ಬ್ಯಾಟು

ಚೆಂಡು ಬೇಲಿಯತ್ತ ಉರುಳುತ್ತಿದ್ದಂತೆ ಇದಿನಬ್ಬ ಬ್ಯಾಟು ಹಿಡಿದುಕೊಂಡೇ ಓಡಿದ. ಬೇಸ್‌ಬಾಲ್‌ನಲ್ಲಿ ಹೊಡೆದವನು ಬ್ಯಾಟು ಬಿಸಾಡಿ ಓಡಬೇಕು. ಸೌದಿಯ ಖೋಬರಿನ ಕಾರ್ಮಿಕರ ಕ್ಯಾಂಪಿನಲ್ಲಿ ಈ ತಂಡ ಹುಟ್ಟಿ ವರ್ಷವಾದರೂ, ಉಳ್ಳಾಲದಲ್ಲಿ ಕ್ರಿಕೆಟ್ ಆಡಿದ ಕೈ ಅದನ್ನು ಕಲಿತಿರಲಿಲ್ಲ.

ಪ್ರತಿ ಶುಕ್ರವಾರದ ಆಟದಲ್ಲಿ ಕ್ಯಾಂಪಿನ ಅಡುಗೆಯ ಮೂಸಬ್ಬ ಮೈದಾನದ ಅಂಚಿನಿಂದ ಕಿರುಚುತ್ತಿದ್ದ: "ಬಿಸಾಡಾ ಮಾರಾಯ! ಇದೆಂತ ಕ್ರಿಕೆಟಾ?" ಇಡೀ ತಂಡ ಬಿದ್ದು ಬಿದ್ದು ನಗುತ್ತಿತ್ತು.

ಈಗ ಎಣ್ಣೆಯ ಬೆಲೆ ಬಿದ್ದು ಅವರ ಕಂಪೆನಿ ಮುಚ್ಚಿತ್ತು. ಮೂಸಬ್ಬನೂ ತಂಡದ ಅರ್ಧ ಜನರೂ ನಿನ್ನೆಯೇ ಊರಿನ ವಿಮಾನ ಹತ್ತಿದ್ದರು. ಈ ಕೊನೆಯ ಆಟಕ್ಕೆ ಎದುರಾಳಿ ಅಮೆರಿಕನ್ನರೇ ತಮ್ಮವರನ್ನು ಕೊಟ್ಟು ತಂಡ ತುಂಬಿಸಿದ್ದರು.

ಇದಿನಬ್ಬ ಓಡಿ ಮುಟ್ಟಬೇಕಾದ ಮೊದಲ ಬೇಸ್ ಮುಟ್ಟಿ, ಬ್ಯಾಟು ಹಿಡಿದೇ ನಿಂತ. ಅಮೆರಿಕನ್ನರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಯಾರೂ ಕಿರುಚಲಿಲ್ಲ. ಅಂಚಿನಲ್ಲಿ ಉಳಿದವರು ನೆಲ ನೋಡುತ್ತಿದ್ದರು.

"ಬಿಸಾಡಾ ಮಾರಾಯ," ಎಂದು ಅವನೇ ಮೆಲ್ಲಗೆ ಹೇಳಿಕೊಂಡ. ಬೆರಳುಗಳು ಸಡಿಲವಾಗಲಿಲ್ಲ.