ಮೋತಿ ಒಲ್ಲೆಂದ ಕಾರ್ನ್‌ಫ್ಲೇಕ್ಸ್

ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುವ ವಾಸನೆ ಬಂದರೆ ನನಗೆ ಇವತ್ತಿಗೂ ಹಬ್ಬ ನೆನಪಾಗುವುದಿಲ್ಲ, ಮನೆಯೊಡತಿ ಬಾಯಾರ ಮುಖ ನೆನಪಾಗುತ್ತದೆ.

ಆಗ ನಾವು ಫಾತೋರ್ಡಾದಲ್ಲಿ ಅವರ ಹಿತ್ತಲಿನ ಖೋಲಿಯಲ್ಲಿದ್ದೆವು. ಅವ್ವ ಅವರ ಮನೆಯ ಮುಸುರೆ ತಿಕ್ಕುತ್ತಿದ್ದಳು. ಬಾಯಾರು ಪ್ರತಿ ರವಿವಾರ ತಮ್ಮ ನಾಯಿ ಮೋತಿಗೆ ಒಂದು ಹಿಡಿ ಕಾರ್ನ್‌ಫ್ಲೇಕ್ಸ್ ಹಾಕುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಆಸೆಯಿಂದ ನೋಡಿದರೆ, ಮೋತಿಯನ್ನು ತೋರಿಸಿ, "ವಾರಕ್ಕೊಮ್ಮೆ ಅಷ್ಟ. ಹೆಚ್ಚಾದ್ರ ಹೊಟ್ಟಿ ಕೆಡತದ" ಎನ್ನುತ್ತಿದ್ದರು.

ಒಂದು ಮಳೆಗಾಲ ಆ ಕಾರ್ನ್‌ಫ್ಲೇಕ್ಸ್ ಮೆತ್ತಗಾಯಿತು. ಮೋತಿ ಮೂಸಿ ಮುಖ ತಿರುಗಿಸಿತು. ಬಾಯಾರು ಡಬ್ಬಿಯನ್ನು ಅವ್ವನ ಕೈಗಿಟ್ಟು, "ನಾಯಿ ಒಲ್ಲೆ ಅಂತದ, ನಿನ್ನ ಮಗಳಿಗೆ ಹಾಕು" ಎಂದರು. ಅವ್ವ "ಹೂನ್ರಿ" ಎಂದಳು.

ಆದರೆ ಅವ್ವ ನನಗೆ ಒಂದು ಚೂರೂ ಕೊಡಲಿಲ್ಲ. ಪಂಚಮಿ ಹಬ್ಬದ ಬೆಳಿಗ್ಗೆ ಅದನ್ನು ಗರಿಗರಿಯಾಗಿ ಹುರಿದು, ಪುಡಿಮಾಡಿ, ಅವಲಕ್ಕಿ, ಶೇಂಗಾ, ಬೆಳ್ಳುಳ್ಳಿ, ಅರಿಶಿನದ ಒಗ್ಗರಣೆಗೆ ಬೆರೆಸಿದಳು. ನಾನು ಕೈಚಾಚಿದಾಗ ಸೌಟಿನಿಂದಲೇ ಹೊಡೆದಳು.

ಮಧ್ಯಾಹ್ನ ಆ ಚೂಡಾವನ್ನು ತಾಟಿನ ತುಂಬ ಬಾಯಾರಿಗೆ ಒಯ್ದೆವು. ಬಾಯಾರು ಒಂದು ಮುಕ್ಕು ಮುಕ್ಕಿದರು, ಮತ್ತೊಂದು ಮುಕ್ಕಿದರು.

"ಭಾಳ ಚಲೋ ಆಗ್ಯದ. ಏನೇನ ಹಾಕಿದಿ?"

ಮೂರನೆಯ ಹಿಡಿ ಬಾಯಿಗೆ ಹೋಗುವವರೆಗೂ ಅವ್ವ ಕಾದಳು.

"ಸಾಕ್ರಿ ಬಾಯಾರ. ವಾರಕ್ಕೊಮ್ಮಿ ಅಷ್ಟ. ಹೆಚ್ಚಾದ್ರ ಹೊಟ್ಟಿ ಕೆಡತೈತಿ."

ಬಾಯಾರ ದವಡೆ ಅಲ್ಲಿಗೇ ನಿಂತಿತು. ಅವರು ಮೊದಲು ಮೋತಿಯನ್ನು ನೋಡಿದರು, ಆಮೇಲೆ ಅವ್ವನನ್ನು.

ಅವ್ವ ನಗಲಿಲ್ಲ. ಅವರು ನುಂಗುವ ತನಕ ಅಲ್ಲಿಂದ ಕದಲಲೂ ಇಲ್ಲ.