ಕದ್ದು ಕೇಳಿದವರ ಸುಳಿವು

“ಕದ್ದು ಕೇಳಿದೋರು ಸಿಕ್ಕಿಬೀಳೋದು ಖಾತ್ರಿಯಾ?”

ವಸಂತಮ್ಮ ಎದ್ದು ನಿಂತು ಕೇಳಿದರು. ಕೊಪ್ಪದ ಗ್ರಂಥಾಲಯದಲ್ಲಿ ಕೂತಿದ್ದ ಮೂವತ್ತು ಜನ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಗಂಡ ಜಯದೇವಪ್ಪ ಮಾತ್ರ ಫ್ಯಾನು ನೋಡುತ್ತಿದ್ದರು.

ಭಾಷಣಕ್ಕೆ ಬಂದಿದ್ದ ಉಪನ್ಯಾಸಕಿ ರಶ್ಮಿಗೆ ಖುಷಿಯಾಯಿತು. ಕ್ವಾಂಟಂ ಕಂಪ್ಯೂಟರ್ ಬಲಿತರೆ ಇವತ್ತಿನ ಗುಟ್ಟಿನ ಬೀಗಗಳಲ್ಲಿ ಹಲವು ಮುರಿಯಬಹುದು ಎಂದು ಅರ್ಧ ಗಂಟೆ ಹೇಳಿದರೂ ಅಲ್ಲಿಯವರೆಗೆ ಯಾರೂ ಬಾಯಿ ತೆರೆದಿರಲಿಲ್ಲ.

“ಹೌದಮ್ಮ. ಹೊಸ ಬೀಗದ ಕೀಲಿಯನ್ನ ಬೆಳಕಿನ ಒಂದೊಂದೇ ಕಣದಲ್ಲಿ ಕಳಿಸ್ತೀವಿ. ನಡುವೆ ಯಾರಾದ್ರೂ ಓದಕ್ಕೆ ಹೋದ್ರೆ ಕಣದ ಸ್ಥಿತಿ ಕೆಡುತ್ತೆ. ಎರಡೂ ತುದಿಯವರು ತಾಳೆ ನೋಡಿದಾಗ ತಪ್ಪು ಜಾಸ್ತಿ ಕಾಣುತ್ತೆ. ಯಾರೋ ಕೈಹಾಕಿದಾರೆ ಅಂತ ಗೊತ್ತಾಗಿಬಿಡುತ್ತೆ.”

“ಉಸಿರು ಬಿಗಿಹಿಡಿದು ಕೇಳಿದ್ರೂ?”

“ಹೇಗೆ ಕೇಳಿದ್ರೂ.”

ವಸಂತಮ್ಮ ಕುಸಿದು ಕೂತರು. ಮುದುಕನ ಮೊಬೈಲಿನ ಮೇಲೆ ಇವಳಿಗೆ ಅನುಮಾನ ಬಂದಿರಬೇಕು ಎಂದು ಹಿಂದಿನ ಸಾಲಿನ ಸುಮಿತ್ರಮ್ಮ ಪಕ್ಕದವರ ಕಿವಿಯಲ್ಲಿ ಊದಿದರು.

ಭಾಷಣ ಮುಗಿಸಿ ದಂಪತಿ ಬಸ್ ನಿಲ್ದಾಣದವರೆಗೆ ನಡೆದರು. ವಸಂತಮ್ಮ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು.

“ಎಂತ ಆಯ್ತು? ಮಂಡಿ ನೋವಾ?”

“ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ನಲವತ್ತಮೂರು ವರ್ಷದಿಂದ ಹೇಳಿಲ್ಲ.”

ಮದುವೆಗೆ ಮುಂಚೆ ವಸಂತಮ್ಮ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಜಯದೇವಪ್ಪನಿಗೆ ಅದೇ ಬೀದಿಯಲ್ಲಿ ರೇಡಿಯೊ ರಿಪೇರಿ ಅಂಗಡಿ. ಆತ ಶೃಂಗೇರಿಗೆ ಟ್ರಂಕ್ ಕಾಲ್ ಮಾಡಿದ ಒಂದು ದಿನ ಆಕೆ ಲೈನ್ ಜೋಡಿಸಿ, ಮಾತು ತನ್ನ ಕಿವಿಗೆ ಬೀಳದ ಹಾಗೆ ಕೆಳಗೆ ಒತ್ತಬೇಕಾದ ಸ್ವಿಚ್ಚನ್ನು ಒತ್ತದೆ ಕೇಳುತ್ತ ಕೂತಿದ್ದಳು. ಗೊತ್ತಾಗಿದ್ದರೆ ಕೆಲಸ ಹೋಗುತ್ತಿತ್ತು.

“ಆವತ್ತು ನೀವು ನಿಮ್ಮ ಸ್ನೇಹಿತ ಸೋಮನಾಥನ ಹತ್ರ ಹೇಳಿದ್ರಿ. ಮುತ್ತಿನಕೊಪ್ಪದಲ್ಲಿ ಹುಡುಗಿ ಗೊತ್ತಾಗಿದೆ, ನಾಳಿದ್ದು ವೀಳ್ಯಶಾಸ್ತ್ರ, ಆದ್ರೆ ಮನಸ್ಸು ಮಾತ್ರ ಎಕ್ಸ್‌ಚೇಂಜಿನ ಹುಡುಗಿ ಮೇಲಿದೆ, ಕೇಳಕ್ಕೆ ಧೈರ್ಯ ಇಲ್ಲ ಅಂತ. ನಾನು ಮನೆಗೆ ಹೋಗಿ ಅತ್ತೂ ಕರೆದೂ, ಮಾರನೇ ದಿನವೇ ಅಪ್ಪನ್ನ ನಿಮ್ಮನೆಗೆ ಕಳಿಸಿದೆ. ಆ ಮುತ್ತಿನಕೊಪ್ಪದ ಹುಡುಗಿ ಎಷ್ಟು ನೊಂದ್ಕೊಂಡಳೋ. ಆ ಕಡೆ ಬಸ್ಸು ಕಂಡ್ರೆ ಈಗ್ಲೂ ಮುಖ ತಿರುಗಿಸ್ತೀನಿ.”

ಜಯದೇವಪ್ಪ ಕನ್ನಡಕ ತೆಗೆದು ಒರೆಸಿದರು.

“ಅದಕ್ಕೂ ಮುಂಚಿನ ಕಾಲ್‌ಗಳಲ್ಲೂ ನೀನು ಕೇಳಕ್ಕೆ ಶುರು ಮಾಡಿದ್ರೆ ಲೈನಲ್ಲಿ ದನಿ ಸ್ವಲ್ಪ ಇಳೀತಿತ್ತು ಮಾರಾಯ್ತಿ. ರೇಡಿಯೊ ಬಿಚ್ಚಿ ಜೋಡ್ಸೋನಿಗೆ ಅಷ್ಟು ಗೊತ್ತಾಗಲ್ವಾ?”

ವಸಂತಮ್ಮ ತಲೆ ಎತ್ತಿದರು. “ಅಂದ್ರೆ, ಆ ಹುಡುಗಿ?”

“ಮುತ್ತಿನಕೊಪ್ಪದಲ್ಲಿ ಯಾವ ಹುಡುಗಿನೂ ಇರಲಿಲ್ಲ.”

“ಸೋಮನಾಥ ಅಷ್ಟು ಬುದ್ಧಿ ಹೇಳಿದ್ನಲ್ಲ ನಿಮಗೆ. ಅವನಿಗೂ ಸುಳ್ಳು ಹೇಳಿದ್ರಾ?”

“ಅವನಿದ್ದಿದ್ದು ನಮ್ಮಂಗಡಿ ಹಿಂದಿನ ಮನೇಲಿ,” ಎಂದರು ಜಯದೇವಪ್ಪ. “ಆವತ್ತು ಬೆಳಿಗ್ಗೆ ನಾನೇ ಬಸ್ ಹತ್ತಿಸಿ ಶೃಂಗೇರಿಗೆ ಕಳಿಸಿದ್ದೆ, ಫೋನ್ ಎತ್ತಕ್ಕೆ.”