ಟಣ್ ಎನ್ನದ ಟರ್ಮಿನಲ್

ಸಂತು ನೀರು ಕುಡಿಯಲೆಂದು ಅಡುಗೆಮನೆಗೆ ಬಂದರೆ, ಅವ್ವ ರುದ್ರವ್ವ ಸಿಂಕಿನ ಕೆಳಗೆ ಕಾಲು ಚಾಚಿ ಕೂತಿದ್ದಳು. ಬಾತುಕೊಂಡ ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದಳು. ನೆಲಕ್ಕೆ ಚೆಲ್ಲಿದ್ದ ಚಹಾ ಆಗಲೇ ಒಣಗಿತ್ತು.

"ಯಾವಾಗ ಬಿದ್ದಿಯವ್ವಾ? ಒಂದ್ ಆವಾಜ್ ಕೊಡಬಾರದೇನ?"

"ನಿನ್ನ ಕೆಲಸ ನಡದಿತ್ತಲ್ಲಪಾ. ಟಣ್ ಅಂದಮ್ಯಾಲೆ ಕರೆದ್ರಾತು ಅಂತ ಕುಂತೆ."

ಸಂತು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಪರದೆಯ ಮೇಲೆ ಆಜ್ಞೆಗಳನ್ನು ಟೈಪಿಸುವ ಹಳೆಯ ಟರ್ಮಿನಲ್‌ನಲ್ಲಿ ಅವನು ಕೊಟ್ಟ ಕಮಾಂಡ್ ಮುಗಿದಾಗಲೆಲ್ಲ ಕಂಪ್ಯೂಟರ್ ಟಣ್ ಎನ್ನುತ್ತಿತ್ತು. ಆ ಸದ್ದು ಕೇಳುವ ತನಕ ನನ್ನನ್ನು ಕರೆಯಲೇಬೇಡ ಎಂದು ರೇಗಿದ್ದವನು ಅವನೇ. ಮುಂಬೈ ಕಾಂದಿವಲಿಯ ಆ ಪುಟ್ಟ ಫ್ಲ್ಯಾಟಿನಲ್ಲಿ ಅಂದಿನಿಂದ ಚಹಾ, ಊಟ, ಮಾತು ಎಲ್ಲವೂ ಟಣ್ ಆದಮೇಲೆಯೇ. ಇವತ್ತು ಅವನಿಗೆ ರಜೆ. ಬೆಳಿಗ್ಗೆ ಹೊಸ ಟರ್ಮಿನಲ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಮೊಟ್ಟಮೊದಲು ಆ ಸದ್ದನ್ನೇ ಬಂದ್ ಮಾಡಿ, ಅಕ್ಷರಗಳಿಗೆ ಯಾವ ಬಣ್ಣ ಒಪ್ಪುತ್ತದೆಂದು ನೋಡುತ್ತ ಕೂತಿದ್ದ.

"ಏಳವ್ವಾ, ರಿಕ್ಷಾ ಹಿಡಿದು ಡಾಕ್ಟರ್ ಕಡೆ ಹೋಗೂಣು," ಎಂದು ಸಂತು ಅವಳ ಕಂಕುಳಿಗೆ ಕೈ ಹಾಕಿದ. ರುದ್ರವ್ವ ಏಳಲಿಲ್ಲ. ಹೊರಕೋಣೆಯ ಕಂಪ್ಯೂಟರಿನ ಕಡೆ ಕಿವಿಗೊಟ್ಟಳು.

"ತಡಿಯಪಾ, ಟಣ್ ಅನ್ಲಿ. ನನ್ ಸಲುವಾಗಿ ಕೆಲಸ ಅರ್ಧಕ್ಕ ಬಿಡಬ್ಯಾಡ."